ಯಾರೂ ಊದದ ಸನಾದಿ

ಮಾನ್ವಿಯ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಬಂದಿಳಿದದ್ದು ೧೯೮೬ರ ಫೆಬ್ರವರಿಯಲ್ಲಿ. ಏಪ್ರಿಲ್ ಬರುವಷ್ಟರಲ್ಲಿ ಅದು ಲೆಕ್ಕದ ಮಾಸ್ತರ ಹಂಪಯ್ಯನ ಮನೆ ಸೇರಿತ್ತು. ಹೊತ್ತುಕೊಂಡು ಓಡಿಬಂದನೆಂದು ತಿಳಿಯಬೇಡಿ, ಅಂಥ ಎದೆಗಾರಿಕೆಯ ಆಳಲ್ಲ ಅವನು. ಹೆಡ್‌ಮಾಸ್ತರರೇ ಕರೆದು ಒಪ್ಪಿಸಿದ್ದರು. "ಬ್ಯಾಸಗಿ ರಜಾದಾಗ ಶಾಲಿ ಕಾಯವ್ರು ಯಾರೂ ಇರಂಗಿಲ್ಲ. ಕಳುವಾತಂದ್ರ ನನ್ನ ಕೊಳ್ಳಿಗಿ ಬರ್ತದ. ಟ್ರೇನಿಂಗ್ ಮುಗಿಸಿ ಬಂದವ್ರು ನೀವೊಬ್ರ, ನಿಮ್ಮ ಮನ್ಯಾಗ ಇಟ್ಕೋರಿ," ಅಂದಿದ್ದರು. ಉಳಿದ ಮಾಸ್ತರರು ಒಳಗೊಳಗೇ ನಕ್ಕರು. ಹೆಂಡತಿ ಇಲ್ಲದ ಮನೆ, ಅಲ್ಲೇನು ಜಾಗಕ್ಕೆ ಬರವೇ?

ಅದೂ ಸುಳ್ಳಲ್ಲ ಅನ್ನಿ. ಹಂಪಯ್ಯನಿಗೆ ಮೂವತ್ತೊಂಬತ್ತು. ಹೆಣ್ಣು ನೋಡುವುದು, ಬಿಡುವುದು ನಡೆದೂ ನಡೆದೂ ಕೊನೆಗೆ ತೋರಿಸುವವರಿಗೇ ಬೇಸರವಾಗಿ ನಿಂತುಹೋಗಿತ್ತು. ಶಹಜಾದಿ ಬೇಗಂ ಎಂಬ ಮುದುಕಿಯ ಮನೆಯ ಹಿಂಭಾಗದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ. ಬೆಳಿಗ್ಗೆ ಎರಡು ರೊಟ್ಟಿ, ಸಂಜೆ ಎರಡು ರೊಟ್ಟಿ ತಾನೇ ಬಡಿದುಕೊಳ್ಳುತ್ತಿದ್ದ. ಭಾನುವಾರ ಬಂತೆಂದರೆ ಬೆಳಗಿನಿಂದ ಸಂಜೆಯ ತನಕ ಬಾಯಿಂದ ಒಂದು ಮಾತು ಹೊರಡುವ ಕಾರಣವೇ ಇರುತ್ತಿರಲಿಲ್ಲ. ರಜೆಯಲ್ಲಿ ಎಲ್ಲ ವಾರವೂ ಭಾನುವಾರವೇ.

ಅದು ವಿಲಾಯಿತಿ ರೇಡಿಯೋದವರೇ ಹೊರತಂದ ಕಂಪ್ಯೂಟರು, ಪೆಟ್ಟಿಗೆಯ ಮೇಲೆ ‘ಬಿಬಿಸಿ’ ಎಂದು ಬರೆದಿತ್ತು. ಶಹಜಾದಿ ಬೇಗಂ ಅದನ್ನು ಯಾರಿಂದಲೋ ಓದಿಸಿಕೊಂಡು ಬಂದು ಕೇಳಿದಳು: "ಮಾಸ್ತರ್‌ಸಾಬ್, ಸುದ್ದಿ ಎಷ್ಟು ಗಂಟಿಗಿ ಬರ್ತದ್ರಿ?"

"ಇದು ರೇಡಿಯೋ ಅಲ್ಲ ಅಮ್ಮಾ. ಕಂಪ್ಯೂಟರ್. ಲೆಕ್ಕ ಮಾಡ್ತದ."

"ಯಾ ಅಲ್ಲಾ! ಲೆಕ್ಕ ಮಾಡಾಕ ನೀವಿದ್ದೀರಲ್ಲ, ಮತ್ತೊಂದ್ಯಾಕ?" ಎಂದು ಮುದುಕಿ ಸೆರಗು ಬಾಯಿಗಿಟ್ಟು ನಗುತ್ತ ಹೋದಳು.

ಹಂಪಯ್ಯ ಅದರಿಂದ ಲೆಕ್ಕ ಮಾಡಿಸಲಿಕ್ಕೆ ತಂದಿಟ್ಟುಕೊಂಡಿರಲಿಲ್ಲ. ಅವನ ಹೊಟ್ಟೆಯೊಳಗೆ ಬೇರೆಯೇ ಒಂದು ಸಂಗತಿ ಕೂತಿತ್ತು. ಮೇ ತಿಂಗಳ ಕೊನೆಗೆ ಅಪ್ಪ ಸತ್ತು ಒಂದು ವರ್ಷವಾಗುತ್ತಿತ್ತು. ಆ ವರ್ಷದ ದಿನಕ್ಕೆ ಅಪ್ಪನ ಎಡೆಯ ಮುಂದೆ ಹೆಣದ ಹಾಡು ನುಡಿಯಬೇಕು, ಅದನ್ನು ಈ ಪೆಟ್ಟಿಗೆ ನುಡಿಯಬೇಕು ಎಂಬುದೇ ಆ ಸಂಗತಿ.

ಅದೇನು ಹುಚ್ಚು ಅಂತೀರಿ, ಕೇಳಿ.

ಹಂಪಯ್ಯನ ಅಪ್ಪ ಅಯ್ಯಣ್ಣ ದೇವದುರ್ಗದ ಕೇರಿಯಲ್ಲಿ ಸನಾದಿ ಊದುವವನು. ಮೇಲಿನ ಓಣಿಗಳಲ್ಲಿ ಯಾರಾದರೂ ಸತ್ತರೆ ಅವರ ಆಳು ಕೇರಿಯ ಬಾಯಿಗೆ ಬಂದು ನಿಂತು, ಒಳಗೆ ಕಾಲಿಡದೆ, "ಲೇ ಅಯ್ಯಾ, ಹೆಣ ಬಿದ್ದದ, ಬಾ" ಎಂದು ಕೂಗುತ್ತಿದ್ದ. ಅಯ್ಯಣ್ಣ ಉಣ್ಣುವ ತಾಟು ಬಿಟ್ಟು ಏಳಬೇಕು. ಹಲಗೆ ಬಡಿಯುವ ಸಾಬಣ್ಣನನ್ನು ಕರೆದುಕೊಂಡು ಹೆಣದ ಮುಂದೆ ನಡೆಯಬೇಕು. ಮಣ್ಣಾದ ಮೇಲೆ ಮೊರದಷ್ಟು ಜೋಳವನ್ನು ದೂರದಿಂದಲೇ ಅವನ ಧೋತರದ ಸೆರಗಿಗೆ ಸುರಿಯುವರು. ಹಂಪಯ್ಯ ಬಿ.ಎಸ್ಸಿ., ಬಿ.ಎಡ್. ಮುಗಿಸಿ ನೌಕರಿ ಹಿಡಿದ ಮೇಲೆ, ಎಪ್ಪತ್ತೇಳರಲ್ಲಿ, ಕೇರಿಯ ಬೇವಿನ ಗಿಡದ ಕೆಳಗೆ ಮಂದಿಯನ್ನು ಕೂಡಿಸಿ ಭಾಷಣ ಮಾಡಿದ. "ಇನ್ನ ಮ್ಯಾಲ ನಾವು ಯಾರ ಹೆಣದ ಮುಂದೂ ಊದಂಗಿಲ್ಲ, ಬಾರಿಸಂಗಿಲ್ಲ. ಅವರವರ ಹೆಣ ಅವರವರು ಒಯ್ಯಲಿ!" ಕೇರಿ ಹೌದು ಹೌದೆಂದು ಆಣೆ ಮಾಡಿತು. ಹಲಗೆಗಳನ್ನೆಲ್ಲ ತಂದು ಬೆಂಕಿಗೆ ಹಾಕಿದರು. ಅಯ್ಯಣ್ಣ ಎಲ್ಲರಿಗಿಂತ ಕೊನೆಗೆ ಎದ್ದುಬಂದು ಸನಾದಿಯನ್ನು ತನ್ನ ಕೈಯಾರೆ ಹಾಕಿದ. "ಮಗ ಅನ್ನೂದು ಖರೆ ಅದ," ಅಂದ. ಅಷ್ಟೇ, ಮುಂದೆ ಅದರ ಸುದ್ದಿ ಎತ್ತಲಿಲ್ಲ.

ಮಾತು ಖರೆಯೇ ಇತ್ತು, ಇವತ್ತಿಗೂ ಖರೆಯೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಬತ್ತೈದರಲ್ಲಿ ಅಯ್ಯಣ್ಣ ಸತ್ತಾಗ, ಊರ ನೂರಾರು ಹೆಣಗಳನ್ನು ಹಾಡಿ ಕಳಿಸಿದವನನ್ನು ಹಾಡಿ ಕಳಿಸಲು ಯಾರೂ ಇರಲಿಲ್ಲ. ಆಣೆ ಅಂದರೆ ಆಣೆ. ಅದೂ ಮಗನೇ ಮಾಡಿಸಿದ ಆಣೆ. ಕೇರಿಯಿಂದ ಹಳ್ಳದಾಚೆಯ ಮಣ್ಣಿನ ಜಾಗದವರೆಗೆ ಬರೀ ಕಾಲಿನ ಸಪ್ಪಳ. ಹಂಪಯ್ಯ ಮುಂದೆ ಹೆಗಲು ಕೊಟ್ಟಿದ್ದ, ಆ ಸಪ್ಪಳ ಅವನ ಕಿವಿಯಲ್ಲಿ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. ಅಪ್ಪನನ್ನು ಮೂಕನನ್ನಾಗಿ ಮಾಡಿ ಕಳಿಸಿದೆ ಎಂದು ಒಳಗೆ ಒಂದು ಹುಳ ಕೊರೆಯತೊಡಗಿತು.

ತರಬೇತಿಯಲ್ಲಿ ಕಲಿಸುವವರು ಒಂದು ದಿನ ಕಂಪ್ಯೂಟರಿನಿಂದ ‘ಟೀಂವ್’ ಎಂದು ಸಪ್ಪಳ ಹೊರಡಿಸಿ ತೋರಿಸಿದರು. ಉಳಿದವರು ನಕ್ಕರು, ಹಂಪಯ್ಯ ನೆಟ್ಟಗೆ ಕೂತ. ಈ ಮಿಷನ್ನು ನುಡಿದರೆ ಯಾರೂ ಊದಿದಂತಾಗುವುದಿಲ್ಲ, ಯಾರೂ ಬಾರಿಸಿದಂತಾಗುವುದಿಲ್ಲ. ಆಣೆಯೂ ಮುರಿಯದು, ಅಪ್ಪನಿಗೂ ಹಾಡು ಸಿಕ್ಕೀತು. ಲೆಕ್ಕದ ಮಾಸ್ತರನ ತಲೆ ನೋಡಿ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು!

ಹಾಡು ಮಾತ್ರ ಅವನ ನೆನಪಿನಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ. ಹೆಣದ ಹಾಡನ್ನು ಮನೆಯಲ್ಲಿ ಊದಬಾರದು, ಅದು ಕಟ್ಟುನಿಟ್ಟು. ಮಕ್ಕಳು ಹೆಣದ ಹಿಂದೆ ಹೋಗಕೂಡದು, ಅದೂ ಕಟ್ಟುನಿಟ್ಟು. ಊರಲ್ಲಿ ಹೆಣ ಬಿದ್ದ ದಿನ ಹಂಪಯ್ಯನನ್ನೂ ತಂಗಿ ಗದ್ದೆಮ್ಮನನ್ನೂ ಚಿಗವ್ವನ ಮನೆಯಲ್ಲಿ ಕೂಡಿಹಾಕುತ್ತಿದ್ದರು. ಮೇಲಿನ ಓಣಿಯ ಸಪ್ಪಳ ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಹೊತ್ತು ಇಳಿಯುವಾಗ ಹಳ್ಳದ ಕಡೆಯಿಂದ, ಗೋಡೆಯ ಕಿಂಡಿಯ ಮೂಲಕ, ಸನಾದಿ ಕೇಳಿಬರುತ್ತಿತ್ತು. ತಗ್ಗಿನಲ್ಲಿ ಮೆಲ್ಲಗೆ ಹೊರಟು, ಒಂದೇ ಜಾಗದಲ್ಲಿ ಮೂರು ಸಲ ಮೇಲೇಳಲು ಹೋಗಿ, ಆಮೇಲೆ ಬೇಡವೆಂದು ಮನಸ್ಸು ಬದಲಿಸಿದಂತೆ ಕೆಳಗಿಳಿಯುತ್ತಿತ್ತು. ಸತ್ತವರನ್ನು ಅಪ್ಪ ಹೀಗೆ ಕಳಿಸುತ್ತಾನೆ ಎಂದು ತಿಳಿದು ಹುಡುಗ ಹಂಪಯ್ಯ ಕೌದಿಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದ. ಮುಂದೆ ಓದು, ನೌಕರಿ ಎಂದು ಊರು ಬಿಟ್ಟವನಿಗೆ ಕೇಳುವ ಸಂದರ್ಭ ಮತ್ತೆ ಬರಲಿಲ್ಲ. ಆ ಹಾಡು ಅವನಿಗೆ ಉಸಿರು ಉಸಿರಿಗೂ ನೆನಪಿತ್ತು. ಅವ್ವನನ್ನೋ ಸಾಬಣ್ಣನನ್ನೋ ಒಮ್ಮೆ ಕೇಳಬಹುದಿತ್ತು. ಆದರೆ ಸನಾದಿ ಸುಡಿಸಿದವನೇ ಸನಾದಿಯ ಹಾಡು ಹೇಗಿತ್ತೆಂದು ಯಾವ ಮುಖ ಹೊತ್ತು ಕೇಳಬೇಕು?

ಕೆಲಸ ಆಮೆಯ ನಡಿಗೆಯಲ್ಲಿ ಸಾಗಿತು. ಕಂಪ್ಯೂಟರಿಗೆ ಸ್ವರ ಗೊತ್ತಿಲ್ಲ, ಅಂಕಿ ಗೊತ್ತು. ಒಂದೊಂದು ಸ್ವರಕ್ಕೂ ಎತ್ತರಕ್ಕೊಂದು ಅಂಕಿ, ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೊಂದು ಅಂಕಿ, ಗಟ್ಟಿಯೋ ಮೆಲ್ಲಗೋ ಎಂಬುದಕ್ಕೆ ಮತ್ತೊಂದು. ಹಂಪಯ್ಯ ಕಣ್ಣು ಮುಚ್ಚಿ ಗುನುಗುವನು, ಅಂಕಿ ಹೊಡೆಯುವನು, ಕೇಳುವನು, ತಲೆಯಾಡಿಸುವನು. ನೂರಾ ಐದು ಹೊಡೆದರೆ ಹೆಚ್ಚಾಯಿತು, ನೂರಾ ಒಂದು ಕಡಿಮೆಯಾಯಿತು, ನೂರಾ ಮೂರಕ್ಕೆ ಅಪ್ಪ ಸಿಕ್ಕ. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಅಡಗಿದ, ಅದರಲ್ಲಿ ಸಿಗದ ಸ್ವರವೂ ಈ ಪೆಟ್ಟಿಗೆಯಲ್ಲಿತ್ತು. ಅದನ್ನು ಕಂಡುಕೊಂಡ ದಿನ ಹಂಪಯ್ಯ ಯಾರಿಗಾದರೂ ಹೇಳಬೇಕೆಂದು ಅಂಗಳಕ್ಕೆ ಓಡಿಬಂದ. ಅಂಗಳದಲ್ಲಿ ಶಹಜಾದಿ ಬೇಗಂಳ ಎರಡು ಕೋಳಿಗಳಿದ್ದವು. ವಾಪಸು ಒಳಗೆ ಹೋದ.

ಅಂಕಿ ಬಿಟ್ಟು ಬೇರೇನಾದರೂ ಹೊಡೆದರೆ ಪರದೆಯ ಮೇಲೆ ‘ಮಿಸ್ಟೇಕ್’ ಎಂದು ಮೂಡುತ್ತಿತ್ತು. "ಆತಪ್ಪಾ, ತಪ್ಪಾತು," ಎಂದು ಹಂಪಯ್ಯ ಅದಕ್ಕೆ ಉತ್ತರ ಕೊಡತೊಡಗಿದ. ಮನೆಯಲ್ಲಿ ಅವನೊಡನೆ ಮಾತಾಡಲು ಮತ್ತೆ ಯಾರಿದ್ದರು? ಕರೆಂಟಿನದು ಬೇರೆ ಗೋಳು. ಮಾನ್ವಿಯ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಲ್ಲ! ಹೋಯಿತೆಂದರೆ ಹೊಡೆದ ಅಂಕಿಯೆಲ್ಲ ನೀರಲ್ಲಿ ಹೋಮ. ಎರಡು ಸಲ ಪೂರ್ತಿ ಅಳಿಸಿಹೋದ ಮೇಲೆ ಬುದ್ಧಿ ಬಂದು ಅರ್ಧ ತಾಸಿಗೊಮ್ಮೆ ಕ್ಯಾಸೆಟ್ಟಿಗೆ ತುಂಬಿಸಿಡುವುದನ್ನು ರೂಢಿಸಿಕೊಂಡ.

ಹತ್ತು ದಿನಕ್ಕೆ ಹಾಡು ಪೂರ್ತಿಯಾಯಿತು, ಆದರೆ ಅದು ಅಪ್ಪನದಾಗಿರಲಿಲ್ಲ. ಎಲ್ಲ ಸ್ವರವೂ ಸರಿಯಿತ್ತು, ಆದರೂ ಪರೀಕ್ಷೆಗೆ ಬಾಯಿಪಾಠ ಒಪ್ಪಿಸಿದಂತೆ ಕೇಳುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಮಿಷನ್ನಿಗೆ ಉಸಿರು ಬೇಕಿರಲಿಲ್ಲ, ಅಪ್ಪನಿಗೆ ಬೇಕಿತ್ತು! ಅಯ್ಯಣ್ಣ ಬೀಡಿ ಸೇದಿ ಸೇದಿ ಎದೆ ಕಟ್ಟಿಸಿಕೊಂಡಿದ್ದ ಮನುಷ್ಯ. ಹಂಪಯ್ಯ ಕೈಗಡಿಯಾರ ಮುಂದಿಟ್ಟುಕೊಂಡು ತನ್ನ ಉಸಿರು ಹಿಡಿದು, ಹಾಡನ್ನು ಗುನುಗಿ, ಎಲ್ಲಿ ಉಸಿರು ಸಾಲದಾಯಿತೋ ಅಲ್ಲಲ್ಲಿ ಬಿಡುವು ಇಟ್ಟ. ಎದೆಯಲ್ಲಿ ಗಾಳಿ ಮುಗಿಯುತ್ತ ಬಂದಲ್ಲಿ ಸ್ವರವನ್ನು ಒಂದು ಅಂಕಿ ಕೆಳಕ್ಕೆ ಜಾರಿಸಿದ. ಸ್ವರ ನಡುಗಿಸುವುದಕ್ಕೆ ಹದಿನಾಲ್ಕು ಅಂಕಿ ಒಟ್ಟಿಗೆ ಕೊಡಬೇಕಿತ್ತು, ಅದನ್ನೂ ಕೊಟ್ಟ. ಕೆಳಗೆ ಸಣ್ಣಗೆ ಒಂದು ಶ್ರುತಿ ಹಿಡಿಸಿದ. ಒಂದು ಮಧ್ಯಾಹ್ನ ಗುಂಡಿ ಒತ್ತಿ ಕೂತರೆ, ಯಪ್ಪಾ ಯಪ್ಪಾ, ಗೋಡೆಯಾಚೆ ಅಪ್ಪ ನಿಂತಂತಾಯಿತು. ಹಂಪಯ್ಯ ಕುರ್ಚಿಯಿಂದ ಎದ್ದವನು ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ.

ಶಹಜಾದಿ ಬೇಗಂ ಬಾಗಿಲಿಗೆ ಬಂದು ನಿಂತಿದ್ದಳು. "ಏನಿದು ಮಾಸ್ತರ್‌ಸಾಬ್?"

"ಹೆಣದ ಹಾಡು ಅಮ್ಮಾ. ನಮ್ಮಪ್ಪ ಊದತಿದ್ದ."

ಮುದುಕಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. "ಸತ್ತವರ ಹಾಡಂತೀರಿ, ನನಗೇನೋ ಹೊಟ್ಟಿ ಹಸ್ದಂಗ ಆಗಾಕತ್ತದ," ಎಂದು ಗೊಣಗುತ್ತ ಒಲೆಯ ಕಡೆ ಹೋದಳು. ವಯಸ್ಸಾದವರ ಮಾತು ಎಂದು ಹಂಪಯ್ಯ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪೆಟ್ಟಿಗೆಯನ್ನೇ ಎತ್ತಿಕೊಂಡು ದೇವದುರ್ಗಕ್ಕೆ ಹೋಗುವಂತಿರಲಿಲ್ಲ. ತುಂಬಿಸಿಟ್ಟ ಕ್ಯಾಸೆಟ್ಟಿನಲ್ಲಿದ್ದದ್ದು ಬರೀ ಅಂಕಿ, ಹಾಡನ್ನೇ ಬೇರೊಂದು ಒಳ್ಳೆಯ ಕ್ಯಾಸೆಟ್ಟಿಗೆ ಇಳಿಸಬೇಕಿತ್ತು. ಅದಕ್ಕೆ ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಅಮೀರ್ ಸಾಬ್‌ನ ಅಂಗಡಿಯೇ ಗತಿ. ಹಂಪಯ್ಯ ಕಂಪ್ಯೂಟರಿಗೆ ಕೌದಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟ. ಕಲ್ಮಲ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸು, "ಕೂಸು ಗಂಡೋ ಹೆಣ್ಣೋ?" ಎಂದು ಕೇಳಿಯೂ ಬಿಟ್ಟಳು. ಹಂಪಯ್ಯನಿಗೆ ನಗು ಬಂತು. ಕೌದಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದ.

ಪೆಟ್ಟಿಗೆಯ ಸಣ್ಣ ಸ್ಪೀಕರಿನ ಮುಂದೆ ಮೈಕು ಹಿಡಿದರೆ ಬೀದಿಯ ಗದ್ದಲವೆಲ್ಲ ಬೀಳುತ್ತದೆಂದು ಅಮೀರ್ ಸಾಬ್ ಅದರ ಮುಚ್ಚಳ ಬಿಚ್ಚಿ, ಒಳಗಿಂದಲೇ ತಂತಿ ಎಳೆಯಲು ಕೂತ. ಸರಕಾರದ ಸಾಮಾನು! ಹಂಪಯ್ಯ ಎದ್ದು ಅವನ ಕೈ ಹಿಡಿದ.

"ಹೆದರಬ್ಯಾಡ್ರಿ ಮಾಸ್ತರ. ಎದಿ ಬಿಚ್ಚಿ ನೋಡೀವಿ ಅಂತ ನಿಮ್ಮ ಹೆಡ್‌ಮಾಸ್ತರಗ ಏನು, ಇದಕ್ಕನ ಗೊತ್ತಾಗಂಗಿಲ್ಲ," ಎಂದು ಅಮೀರ್ ಸಾಬ್ ಬೆಸುಗೆ ಹಾಕಿದ. ಹಾಡು ಶುರುವಾಗುತ್ತಲೇ ಅವನ ಚೇಷ್ಟೆ ನಿಂತಿತು. ಮುಗಿದ ಮೇಲೆ, ಸ್ವಲ್ಪ ‘ಎಕೋ’ ಕೊಡೋಣ, ದೂರದಿಂದ ಬಂದಂತೆ ಕೇಳುತ್ತದೆ ಎಂದು ತಾನಾಗಿಯೇ ಒಂದು ಗುಂಡಿ ತಿರುಗಿಸಿದ. ಹಂಪಯ್ಯ ಆ ಗೋಡೆಯ ಕಿಂಡಿಯಿಂದ ಕೇಳಿದ್ದು ಹೀಗೆಯೇ. ನಾಲ್ಕು ನಿಮಿಷದ ಹಾಡನ್ನು ಮತ್ತೆ ಮತ್ತೆ ನುಡಿಸಿ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ತುಂಬಿಸಿದರು. ಮಿಷನ್ನಿಗೆ ದಣಿವೇನು?

ವರ್ಷದ ದಿನ ದೇವದುರ್ಗದಲ್ಲಿ ಗದ್ದೆಮ್ಮನ ಮನೆ ತುಂಬಿತ್ತು. ಅಯ್ಯಣ್ಣ ಹೋದ ಮೇಲೆ ತಾಯಿ ಸೂಗಮ್ಮ ಈ ಮಗಳ ಹತ್ತಿರವೇ ಇದ್ದಳು. ಹೊತ್ತು ಇಳಿಯುವಾಗ ಎಡೆ ಹಾಕಿದರು. ಜೋಳದ ಕಡುಬು, ಪುಂಡಿಪಲ್ಯ, ಒಂದು ಕಟ್ಟು ಬೀಡಿ. ಕೇರಿಯ ಹಿರಿಯರೆಲ್ಲ ಗೋಡೆಗೆ ಆತು ಕೂತಿದ್ದರು. ಸಾಬಣ್ಣನೂ ಬಂದಿದ್ದ. ಹಂಪಯ್ಯ ಟೇಪ್‌ರೆಕಾರ್ಡರನ್ನು ಎಡೆಯ ಪಕ್ಕದಲ್ಲಿಟ್ಟು ಎದ್ದು ನಿಂತ. ಒಂಬತ್ತು ವರ್ಷದ ಹಿಂದೆ ಬೇವಿನ ಗಿಡದ ಕೆಳಗೆ ಗಡಗಡ ಮಾತಾಡಿದವನು ಈಗ ಒಂದೊಂದೇ ಮಾತು ಹುಡುಕಿ ಆಡಿದ.

"ನಮ್ಮ ಆಣಿ ಹಂಗ ಅದ. ಇದನ್ನ ಯಾರೂ ಊದಿಲ್ಲ, ಯಾರೂ ಬಾರಿಸಿಲ್ಲ. ಅವತ್ತು ಅಪ್ಪನ್ನ ಸುಮ್ಮನ ಒಯ್ದಿವಿ. ಇವತ್ತು ಅವನ ಹಾಡು ಅವಗ ಮುಟ್ಟಲಿ," ಎಂದು ಗುಂಡಿ ಒತ್ತಿದ.

ಮೊದಲ ಸಾಲಿಗೇ, "ಅಯ್ಯಣ್ಣಂದ ಹೌದು, ಅವನದ ಉಸುರು," ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ. ಗದ್ದೆಮ್ಮ ಬಿಕ್ಕತೊಡಗಿದಳು. ಸಾಬಣ್ಣ ಮಾತ್ರ ಹುಬ್ಬು ಗಂಟಿಕ್ಕಿ ಏನನ್ನೋ ಹುಡುಕುವವನಂತೆ ಕೂತಿದ್ದ. ಹಾಡು ಮೂರನೆಯ ಸಲ ಮೇಲೇಳಲು ಹೋದಾಗ ಸೂಗಮ್ಮ ದಿಗ್ಗನೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತವರ ಕಾಲು ದಾಟಿಕೊಂಡು, ಅರವತ್ತರ ಮುದುಕಿ ಸರಸರನೆ ಹಿತ್ತಲಿಗೆ ನಡೆದಳು. ಅವ್ವನಿಗೆ ತಡೆಯಲಾಗಲಿಲ್ಲ ಎಂದುಕೊಂಡ ಹಂಪಯ್ಯ. ಆದೀತು, ಅಳಲಿ. ತನ್ನ ಕೆಲಸ ಮುಗಿಯಿತು, ಅಪ್ಪನ ಋಣ ಇಷ್ಟಾದರೂ ತೀರಿತು ಎಂದು ಅವನ ಎದೆ ಹಗುರಾಯಿತು.

ಎಷ್ಟು ಹೊತ್ತಾದರೂ ಅವ್ವ ಬರಲಿಲ್ಲ. ಎದ್ದುಹೋಗಿ ನೋಡಿದರೆ ಹಿತ್ತಲ ತುಂಬ ಹೊಗೆ. ಸೂಗಮ್ಮ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಗೊಳವೆಯಿಂದ ಉರಿ ಎಬ್ಬಿಸುತ್ತಿದ್ದಳು. ಮೇಲೆ ತುಂಬಿದ ಹಂಡೆ ಇತ್ತು.

"ಯವ್ವಾ, ಏನ್ ಮಾಡಾಕತ್ತೀದಿ?"

"ಕಾಣಂಗಿಲ್ಲೇನು? ನೀರು ಕಾಸಾಕತ್ತೀನಿ. ನಿಮ್ಮಪ್ಪ ಹಳ್ಳಕ್ಕ ಬಂದ, ಇನ್ನೇನು..."

ಮಾತು ಅಲ್ಲಿಗೇ ನಿಂತಿತು. ಸೂಗಮ್ಮ ಮಗನ ಮುಖ ನೋಡಿದಳು, ಹಂಡೆ ನೋಡಿದಳು, ಕೈಯಲ್ಲಿದ್ದ ಕೊಳವೆಯನ್ನು ನೋಡಿದಳು. "ಅಯ್ಯ ಶಿವನ, ನನಗೇನಾತು," ಎಂದು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

ಹಂಪಯ್ಯ ಅವಳ ಪಕ್ಕದಲ್ಲಿ ಕೂತ. ಅವಳೇ ಹೇಳಿದಳು. "ಇದು ಹೆಣದ ಹಾಡಲ್ಲೋ ಯಪ್ಪಾ. ಮಣ್ಣು ಮುಗಿಸಿ, ಹಳ್ಳದ ದಂಡಿಗಿ ಬಂದು ಊದತಿದ್ದ. ‘ಸೂಗಿ, ನಾ ಬರಾಕತ್ತೀನಿ, ನೀರಿಗಿ ಉರಿ ಹಾಕು’ ಅಂತ ನನಗ ಹೇಳಿ ಕಳಸೂದು. ಹೆಣದಿಂದ ಬಂದಾಂವ ಮೈ ತೊಳ್ಕೊಳ್ದ ಹೊಸ್ತಿಲ ದಾಟಂಗಿಲ್ಲಲ್ಲ? ಛಳಿ ಇರಲಿ, ಮಳಿ ಇರಲಿ, ನೀರು ಕಾಯೋತನಕ ಹೊರಗ ನಿಂದರಬೇಕು. ಅದಕ್ಕ ಹಳ್ಳದಿಂದನ ಊದತಿದ್ದ. ಇದು ನಮ್ಮಿಬ್ರದು, ಊರಿಗೆ ಕೇಳಿದ್ರೂ ಊರಿಗೆ ತಿಳೀತಿದ್ದಿಲ್ಲ."

ಹಂಪಯ್ಯ ಅವಳ ಕಡೆ ತಿರುಗಿದ. "ಮತ್ತ ಹೆಣದ ಹಾಡು ಯಾವ್ದಬೇ?"

"ನನಗೇನು ಗೊತ್ತು? ಹೆಣ್ಮಕ್ಕಳ್ನ ಮಣ್ಣಿಗಿ ಎಲ್ಲಿ ಬಿಡ್ತಾರ? ಮನ್ಯಾಗ ಅವ ಅದನ್ನ ಒಂದಿನಾನೂ ಊದಲಿಲ್ಲ."

ಸಾಬಣ್ಣ ಹಿತ್ತಲ ಬಾಗಿಲಿಗೆ ಬಂದಿದ್ದ. ಹಂಪಯ್ಯ ಅವನ ಕಡೆ ನೋಡಿದ. ಕೇಳುವ ಮೊದಲೇ ಸಾಬಣ್ಣ ತಲೆಯಾಡಿಸಿದ. "ನನಗ ಬಡಿಯೂದಷ್ಟ ಗೊತ್ತು ತಮ್ಮಾ. ಊದೂದು ಅವನ ಹೊಟ್ಯಾಗಿತ್ತು, ಅವನ ಕೂಡ ಹೋತು. ಇದಲ್ಲ ಅನ್ನೂದು ಗೊತ್ತಾತು, ಅದು ಹ್ಯಾಂಗಿತ್ತು ಅಂದ್ರ ಬಾಯಿಗಿ ಬರವಲ್ದು." ಅಷ್ಟು ಹೇಳಿ ಒಳಗೆ ಹೋದ.

ಹಂಪಯ್ಯ ತಲೆ ಹಿಡಿದುಕೊಂಡ. ಒಂದೂವರೆ ತಿಂಗಳು ಹಗಲೆಲ್ಲ ಕೂತು, ಉಸಿರು ಹಿಡಿದು, ಅಂಕಿಗೆ ಅಂಕಿ ಕೂಡಿಸಿ ಅವನು ಕಟ್ಟಿದ್ದು ಬೇರೆಯೇ ಹಾಡು. ಅಪ್ಪನನ್ನು ಕಳಿಸುವ ಹಾಡು ಇನ್ನು ಈ ಭೂಮಿಯ ಮೇಲೆ ಯಾರ ಹತ್ತಿರವೂ ಇರಲಿಲ್ಲ. "ನಾನ ಸುಡಿಸಿದೆ ಯವ್ವಾ," ಅಂದ.

"ಸುಟ್ಟದ್ದು ಚಲೋನ ಆತು," ಸೂಗಮ್ಮ ಖಡಕ್ಕಾಗಿ ಹೇಳಿದಳು. "ಅವಗೂ ಸಾಕಾಗಿತ್ತು, ನಾಯಿನ ಕರದಂಗ ಕರೀತಿದ್ರು. ಅದಕ್ಕ ನೀ ಅಳಬ್ಯಾಡ." ಆಮೇಲೆ ಅವಳ ದನಿ ತಗ್ಗಿತು. "ಆದ್ರ ಅವತ್ತಿನಿಂದ ಎಂಟು ವರ್ಷ, ಅವ ಯಾವಾಗ ಮನಿಗಿ ಬರ್ತಾನ ಅನ್ನೂದ ನನಗ ಗೊತ್ತಾಗಲಿಲ್ಲ ನೋಡು. ಕೂಲಿಗಿ ಹೋಗಿ ಬೆಕ್ಕಿನಂಗ ಬಂದು ಮೂಲ್ಯಾಗ ಕುಂತಿರ್ತಿದ್ದ. ಬಂದೀ ಏನು ಅಂದ್ರ, ಬಂದು ಭಾಳ ಹೊತ್ತಾತು ಅಂತಿದ್ದ. ಇವತ್ತ ಬರೂದು ಕೇಳಿಸ್ತು."

ಒಳಗೆ ಟೇಪ್ ತಿರುಗುತ್ತಲೇ ಇತ್ತು. ಹಾಡು ಮತ್ತೆ ತಗ್ಗಿನಿಂದ ಹೊರಟಿತ್ತು. ಹಂಡೆಯ ನೀರು ಸುಯ್‌ಗುಡುತ್ತಿತ್ತು.

ಸೂಗಮ್ಮ ಎದ್ದು ನೀರಿಗೆ ಬೆರಳದ್ದಿ ನೋಡಿದಳು. "ಕಾದದ. ಅಂಗಿ ಬಿಚ್ಚು."

"ಯವ್ವಾ, ನಾನ್ಯಾಕ..."

"ಬಿಚ್ಚಲೇ. ವರ್ಷಾತು, ನಿಮ್ಮಪ್ಪನ ಮಣ್ಣಿನಿಂದ ಬಂದಾಂವ ನೀ ಇನ್ನೂ ಹೊರಗ ನಿಂತೀದಿ. ಮೈ ತೊಳ್ಕೊಂಡು ಒಳಗ ಬಾ."

ಹಂಪಯ್ಯ ಅಂಗಿ ಬಿಚ್ಚಿ ಕಲ್ಲಿನ ಮೇಲೆ ಕೂತ. ಮೊದಲ ತಂಬಿಗೆ ಬಿಸಿನೀರು ಬೆನ್ನಿನ ಮೇಲೆ ಬಿದ್ದಾಗ ಅವನು ಮಕ್ಕಳಂತೆ ದೊಡ್ಡ ದನಿ ತೆಗೆದು ಅತ್ತ. ಸೂಗಮ್ಮ ಎರಡನೆಯ ತಂಬಿಗೆ ತುಂಬಿಕೊಂಡಳು.